ಶುಕ್ರವಾರ ಸಂಜೆಯ ಮುಖ

ತಮೀಮನ ಮುಖವನ್ನು ನಾನು ಸರಿಯಾಗಿ ನೋಡುತ್ತಿದ್ದೇನೆಯೇ ಇಲ್ಲವೇ ಎಂಬುದು ಆ ವಾರ ನನ್ನನ್ನು ಒಳಗೊಳಗೇ ಕಾಡಿದ ಸಂಶಯ. ಬೆಳಿಗ್ಗೆ ಎದ್ದಾಗ ಅವನ ಕಣ್ಣಿನ ರೆಪ್ಪೆಗಳು ಉಬ್ಬಿದ ಹಾಗೆ ಕಾಣುತ್ತಿದ್ದವು. ಸಂಜೆಗೆ ಏನೂ ಇರುತ್ತಿರಲಿಲ್ಲ. ಡೈರಿಯಲ್ಲಿ ಬರೆದೆ, ಗೆರೆ ಹೊಡೆದೆ, ಪುನಃ ಬರೆದೆ. ಗೆರೆ ಹೊಡೆದದ್ದು ಯಾಕೆಂದರೆ ನನ್ನ ಹೆದರಿಕೆಗಳಲ್ಲಿ ಹೆಚ್ಚಿನವು ಸುಳ್ಳಾಗುತ್ತವೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ಮನೆಗೆ ಬಂದವಳು ನಾನು. ಬಂದ್ ಆಗಿಯೇ ಇತ್ತು. ಇನ್ನು ಬಾಯಿಬಿಟ್ಟು ಹೇಳುವ ವಿಷಯ ಬಂದರೆ, ಪುತ್ತೂರಿನ ಕಾಲೇಜಿನಲ್ಲಿ ಹಾಜರಿ ಕರೆಯುವಾಗ ನನ್ನ ದನಿ ಕೇಳಿಸದೆ ಎಷ್ಟೋ ದಿನ ಗೈರುಹಾಜರಿ ಬಿದ್ದಿತ್ತು. ಅದನ್ನು ಸರಿಮಾಡಿಸಿಕೊಳ್ಳಲೂ ನಾನು ಹೋಗಿರಲಿಲ್ಲ. ಹಾಗೇ ಬಿ.ಎಸ್ಸಿ. ಮುಗಿಯಿತು.

ತಮೀಮ್ ನನ್ನ ಅಣ್ಣನ ಮಗ, ಒಂದನೇ ಕ್ಲಾಸು. ಅಣ್ಣ ಶಾಫಿ ಸೌದಿಯ ದಮ್ಮಾಮಿನಲ್ಲಿ ಗೋದಾಮೊಂದರ ಕೆಲಸದಲ್ಲಿದ್ದಾನೆ. ಅವನನ್ನು ನಾನು ಕಾಕ ಎಂದು ಕರೆಯುವುದು. ನಮ್ಮ ತಂದೆ, ಉಪ್ಪ, ತೀರಿಕೊಂಡು ಕೆಲವು ವರ್ಷಗಳಾದವು. ರಾಮಕುಂಜದ ಮನೆಯಲ್ಲಿ ಈಗ ಇರುವುದು ಉಮ್ಮ, ಅತ್ತಿಗೆ ಮಿಸ್ರಿಯಾ, ತಮೀಮ್ ಮತ್ತು ನಾನು.

ಈದ್ ಕಳೆದ ಮೇಲೆ ತಮೀಮನ ಮೈ ಬಾತುಕೊಂಡಿತ್ತು. ಮೊದಲು ಮುಖ, ಆಮೇಲೆ ಹೊಟ್ಟೆ, ಆಮೇಲೆ ಚಪ್ಪಲಿಯೊಳಗೆ ಹೋಗದಷ್ಟು ಪಾದ. ಕಡಬದ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ, ಮಾತು ಕಡಿಮೆ ಮಾಡಿ, ಮಂಗಳೂರಿಗೆ ಕಳಿಸಿದರು. ಅಲ್ಲಿಯ ಮಕ್ಕಳ ಆಸ್ಪತ್ರೆಯಲ್ಲಿ ಅತ್ತಿಗೆ ಅವನ ಮಂಚದ ಪಕ್ಕದ ಸ್ಟೂಲಿನಲ್ಲೇ ದಿನಗಳನ್ನು ಕಳೆದಳು. ಕಾಕ ಓಡಿ ಬಂದ. ಇದ್ದ ರಜೆಯೆಲ್ಲ ಮುಗಿಸಿ ಓಡಿ ಹೋದ. ಇನ್ನೊಮ್ಮೆ ಹೀಗೆ ನಡುವಿನಲ್ಲಿ ಹೋಗುವುದಾದರೆ ವಾಪಸ್ ಬರಬೇಡ ಎಂದು ಅವನ ಸೂಪರ್‌ವೈಸರ್ ಹೇಳಿದ್ದು ನಮಗೆಲ್ಲ ಗೊತ್ತಿತ್ತು.

ಡಾಕ್ಟರ್ ಭವಿತಾ ಹೇಳಿದ ಪ್ರಕಾರ, ಅವನ ಕಿಡ್ನಿಯ ಜಾಲರಿ ಸಡಿಲಾಗಿ ರಕ್ತದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತಿತ್ತು. ಅದರಿಂದ ನೀರು ಮೈಯಲ್ಲೇ ನಿಲ್ಲುತ್ತಿತ್ತು. ಮಕ್ಕಳಿಗೆ ಬರುವಂಥದ್ದು, ಮಾತ್ರೆಗೆ ಬಗ್ಗುತ್ತದೆ. ಡಿಸ್ಚಾರ್ಜ್ ಮಾಡುವಾಗ ಅವರು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಹೇಳಿದ್ದರು.

“ನೋಡಿ, ಇದಕ್ಕೆ ಪುನಃ ಬರುವ ಅಭ್ಯಾಸ ಉಂಟು. ಬಂದ್ರೆ ಅದು ನಿಮ್ಮ ತಪ್ಪಲ್ಲ, ಆಯ್ತಾ? ಬೇಗ ಹೇಳಿದ್ರೆ ಮನೆಯಲ್ಲೇ ಮಾತ್ರೆ ಜಾಸ್ತಿ ಮಾಡಿ ಸರಿ ಮಾಡುವ. ತಡ ಮಾಡಿದ್ರೆ ಪುನಃ ಇದೇ ಮಂಚ. ಅಷ್ಟೇ.”

ಆಮೇಲೆ ಉಮ್ಮನ ಕಡೆ ತಿರುಗಿ, “ರಾಮಕುಂಜದಿಂದ ಉಪ್ಪಿನಂಗಡಿ, ಅಲ್ಲಿಂದ ಇಲ್ಲಿಗೆ, ಮಗುವನ್ನು ಬಸ್ಸಿನಲ್ಲಿ ಕುಲುಕಿಸ್ಕೊಂಡು ವಾರ ವಾರ ಬರುದೆಲ್ಲ ಬೇಡ. ವೀಡಿಯೋದಲ್ಲಿ ನಾನೇ ನೋಡ್ತೇನೆ. ಯಾವ ದಿನ ಆಗ್ತದೆ ನಿಮಗೆ?” ಎಂದು ಕೇಳಿದರು.

ಉತ್ತರ ಬಂದದ್ದು ಅತ್ತಿಗೆಯ ಕೈಯಲ್ಲಿದ್ದ ಫೋನಿನಿಂದ. “ಶುಕ್ರವಾರ ಸಂಜೆ, ಡಾಕ್ಟ್ರೆ. ನನಗೆ ರಜೆ. ನಾನೂ ಬರ್ತೇನೆ,” ಎಂದ ಕಾಕ, ದಮ್ಮಾಮಿನಿಂದ.

“ಒಳ್ಳೆದೇ. ಅಪ್ಪನೂ ಇರ್ಲಿ,” ಎಂದರು ಡಾಕ್ಟರು. ಅವರಿಗೆ ನಮ್ಮ ಶುಕ್ರವಾರ ಸಂಜೆಗಳ ಬಗ್ಗೆ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ಎಂದರೆ ಗಲ್ಫಿನ ಫೋನು. ಮೊದಲು ಉಪ್ಪನದು, ಈಗ ಕಾಕನದು. ಅದಕ್ಕೆ ಒಂದು ಕ್ರಮ ಇದೆ. ಅಸರ್ ನಮಾಝ್ ಮುಗಿದ ಕೂಡಲೇ ಉಮ್ಮ ಇಸ್ತ್ರಿ ಹಾಕಿದ ಬಿಳಿ ತಟ್ಟವನ್ನು ತಲೆಯ ಮೇಲಿಂದ ಹೊದ್ದು ಜಗಲಿಯ ದಿವಾನದ ಮೇಲೆ ಕೂರುತ್ತಾರೆ. ಮಗುವಿಗೆ ಸ್ನಾನ, ಪೌಡರ್, ಒಳ್ಳೆಯ ಅಂಗಿ, ಉದ್ದದ ಪ್ಯಾಂಟು. ಗೋಡೆಯ ತೇವದ ಕಲೆ ಕಾಣದ ಹಾಗೆ ಫೋನು ಹಿಡಿಯಬೇಕು. ಮತ್ತೆ, ಏನು ಕೇಳಿದರೂ ಎಲ್ಲ ಸುಖ ಎನ್ನಬೇಕು. ಇದು ಯಾರೂ ಬರೆದಿಟ್ಟ ನಿಯಮ ಅಲ್ಲ. ಉಮ್ಮ ಅಂಗಳದಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡ ವರ್ಷ ಪ್ಲಾಸ್ಟರನ್ನು ತಟ್ಟದ ಒಳಗೆ ಅಡಗಿಸಿಕೊಂಡೇ ವಾರ ವಾರ ಮಾತಾಡಿದ್ದರು. ಒಂದು ಸಲ ಕಾಕ, “ಉಮ್ಮ, ಯಾಕೆ ಒಂದೇ ಕೈಯಲ್ಲಿ ಸಲಾಂ ಮಾಡ್ತೀರಿ?” ಎಂದಾಗ, “ಇನ್ನೊಂದು ಕೈಯಲ್ಲಿ ತಸ್ಬೀಹ್ ಮಾಲೆ ಉಂಟು ಮೋನೇ,” ಎಂದುಬಿಟ್ಟಿದ್ದರು. ಅತ್ತಿಗೆ ಒಳಗೆ ಓಡಿಹೋಗಿ ನಕ್ಕಿದ್ದಳು.

ಈ ಕ್ರಮ ಎಲ್ಲಿಂದ ಬಂತೆಂದು ನಾನೊಮ್ಮೆ ಕೇಳಿದ್ದೆ. ಉಮ್ಮ ಬಸಳೆಯ ಸೊಪ್ಪು ಬಿಡಿಸುತ್ತಾ ಹೇಳಿದ್ದರು. ಉಪ್ಪ ಗಲ್ಫಿಗೆ ಹೋದ ಹೊಸತು. ಆಗಿನ್ನೂ ಸಣ್ಣವನಾಗಿದ್ದ ಕಾಕನಿಗೆ ಜೋರು ಜ್ವರ. ಉಮ್ಮ ಹೆದರಿ ಕಾಗದ ಬರೆಸಿದರು. “ಕಾಗದ ಅಲ್ಲಿಗೆ ಮುಟ್ಟುವಾಗ ಇವ ಅಂಗಳದಲ್ಲಿ ಕೋಳಿ ಓಡಿಸ್ತಾ ಇದ್ದ. ಅವರು ಅಲ್ಲಿ ಊಟ ಬಿಟ್ಟು ಕೂತಿದ್ರಂತೆ. ಬೇರೆಯವರು ಬರೆದು ಗೊತ್ತಾಯ್ತು. ದೂರ ಕೂತವರಿಗೆ ಕಷ್ಟ ಹೇಳಿದ್ರೆ ಎಂತ ಮಾಡ್ಲಿಕ್ಕಾಗ್ತದೆ? ಅವರ ನಿದ್ದೆ ಹೋಗುದು ಮಾತ್ರ.”

ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಈಗಲೂ ಆಗುವುದಿಲ್ಲ. ಆದರೆ ಡಾಕ್ಟರ ಫೋನು ಬರುತ್ತಿದ್ದದ್ದೂ ಅದೇ ಶುಕ್ರವಾರ, ಅದೇ ಹೊತ್ತಿಗೆ, ಅದೇ ದಿವಾನದ ಎದುರಿಗೆ. ಪರದೆಯ ಒಂದು ಮೂಲೆಯಲ್ಲಿ ಕಾಕ ಇರುತ್ತಿದ್ದ. ಹಾಗಾಗಿ ಡಾಕ್ಟರು ಏನು ಕೇಳಿದರೂ ನಮ್ಮವರು ಉತ್ತರ ಕೊಡುತ್ತಿದ್ದದ್ದು ಕಾಕನಿಗೆ.

ಫೋನು ಹಿಡಿಯುವವಳು ನಾನು. ಲಿಂಕ್ ಒತ್ತುವುದು, ಮೈಕ್ ಬಿಡಿಸುವುದು, ಮಗುವಿನ ಮುಖ ಸರಿಯಾಗಿ ಕಾಣುವ ಹಾಗೆ ನಿಲ್ಲುವುದು. ನನಗೆ ಆ ಜಾಗ ಇಷ್ಟವಾಗಿತ್ತು. ಅಲ್ಲಿ ಇದ್ದೂ ಇಲ್ಲದ ಹಾಗೆ ಇರಬಹುದು.

ಮೊದಲಿನ ಶುಕ್ರವಾರಗಳು ನಿಜವಾಗಿಯೂ ಸುಖದವೇ. ಬಾವು ಇಳಿದಿತ್ತು. ಮಾತ್ರೆಯಿಂದ ಕೆನ್ನೆ ಸ್ವಲ್ಪ ದುಂಡಗಾಗುತ್ತದೆ, ಹಸಿವು ಜಾಸ್ತಿಯಾಗುತ್ತದೆ, ಗಾಬರಿ ಬೇಡ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ತಮೀಮ್ ದಿನಾ ಒಣಮೀನಿಗಾಗಿ ಅತ್ತು, ಉಪ್ಪು ಕಡಿಮೆಯ ಗಂಜಿ ಉಂಡು, ಇನ್ನೊಂದು ಬಟ್ಟಲು ಕೇಳಿ ಉಂಡು, ಆಮೇಲೆ ಪುನಃ ಒಣಮೀನಿಗಾಗಿ ಅಳುತ್ತಿದ್ದ. “ಇವನಿಗೆ ಹೊಟ್ಟೆಯಲ್ಲಿ ಬಾವಿ ಉಂಟಾ ಎಂತ?” ಎಂದು ಉಮ್ಮ ನಗುತ್ತಿದ್ದರು. ಕೆನ್ನೆ ನೋಡಿ ಅವರಿಗೆ ಸಂತೋಷವೋ ಸಂತೋಷ.

ಆಮೇಲೆ ಶುರುವಾದದ್ದು ಈ ಬೆಳಗಿನ ಮುಖ.

ಬೆಳಿಗ್ಗೆ ಮದ್ರಸಕ್ಕೆ ಅವನನ್ನು ಎಬ್ಬಿಸಿ ಹೊರಡಿಸುವ ಕೆಲಸ ನನ್ನದು. ಮುಖ ತೊಳೆಸಿ ಟೊಪ್ಪಿ ಇಡುವಾಗ ಅವನು ನನ್ನನ್ನು ನೋಡಲು ತಲೆಯನ್ನು ಹಿಂದಕ್ಕೆ ಎತ್ತಬೇಕಾಗಿತ್ತು. ರೆಪ್ಪೆ ಪೂರ್ತಿ ತೆರೆಯುತ್ತಿರಲಿಲ್ಲ. “ನಿದ್ದೆಯಾ?” ಎಂದರೆ, “ಇಲ್ಲ ಮಾಮಿ, ಎಚ್ಚರ ಉಂಟು,” ಎನ್ನುತ್ತಿದ್ದ. ಮಾತ್ರೆಯ ದುಂಡು ಕೆನ್ನೆ ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ ಇರಬೇಕಲ್ಲವೇ? ಇದು ಹಾಗಲ್ಲ. ಬೆಳಿಗ್ಗೆ ಕಣ್ಣಿನಲ್ಲಿದ್ದದ್ದು ಹೊತ್ತು ಏರಿದ ಹಾಗೆ ಎಲ್ಲಿಗೋ ಹೋಗುತ್ತಿತ್ತು.

ಎಲ್ಲಿಗೆ ಎಂದು ಬುಧವಾರ ಸಂಜೆ ತಿಳಿಯಿತು. ಶಾಲೆಯಿಂದ ಬಂದವನ ಸಾಕ್ಸ್ ಕಳಚುವಾಗ ಕಣಕಾಲಿನ ಸುತ್ತ ಬಿಗಿಯಾದ ಬಳೆ ತೆಗೆದ ಹಾಗೆ ಆಳವಾದ ಗುರುತು. ಅದರ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ನಿಂತಿತು.

ತಮೀಮನಿಗೆ ಖುಷಿಯಾಯಿತು. ಅವನೂ ಒತ್ತಿದ. “ಮಾಮಿ, ನೋಡು, ಹಿಟ್ಟು! ನನ್ನ ಕಾಲಲ್ಲಿ ಪತ್ತಿರ್ ರೊಟ್ಟಿ ಮಾಡ್ತೀಯಾ?”

“ಮಾಡುವ,” ಎಂದೆ.

ರಾತ್ರಿಯಿಡೀ ಮಲಗಿದಾಗ ನೀರು ಮುಖಕ್ಕೆ ಬರುತ್ತದೆ. ಹಗಲು ನಡೆದಾಡಿದಾಗ ಕಾಲಿಗೆ ಇಳಿಯುತ್ತದೆ. ಅದಕ್ಕೆ ಬಿ.ಎಸ್ಸಿ. ಬೇಕಾಗಿಲ್ಲ, ನೀರು ಎಲ್ಲಿ ತಗ್ಗೋ ಅಲ್ಲಿಗೆ ಹೋಗುತ್ತದೆ ಎಂಬುದು ಯಾರಿಗೂ ಗೊತ್ತು. ನಾವು ಶುಕ್ರವಾರ ಸಂಜೆ ಡಾಕ್ಟರಿಗೆ ತೋರಿಸುವುದು ಮುಖವನ್ನು, ಅದೂ ನೀರು ಇಳಿದುಹೋದ ಮೇಲೆ. ಕಾಲನ್ನು ಉದ್ದದ ಪ್ಯಾಂಟಿನೊಳಗೆ ಇಡುತ್ತೇವೆ.

ಉಮ್ಮನ ಹತ್ತಿರ ಹೋದೆ. ಅಡುಗೆಮನೆಯ ಬಾಗಿಲಿನಲ್ಲಿ ನಿಂತು, “ಉಮ್ಮ, ತಮೀಮನ ಮುಖ ಬೆಳಿಗ್ಗೆ ಸ್ವಲ್ಪ...” ಎಂದೆ.

“ತುಂಬ್ತಾ ಉಂಟಲ್ವಾ? ನಾನೂ ನೋಡಿದೆ,” ಎಂದರು ಉಮ್ಮ. “ಆಸ್ಪತ್ರೆಯಿಂದ ಬರುವಾಗ ಹೇಗಿತ್ತು, ಕೋಲಿಗೆ ಅಂಗಿ ಹಾಕಿದ ಹಾಗೆ. ಈಗ ನೋಡು.” ಆಮೇಲೆ ಸೌಟು ನಿಲ್ಲಿಸಿ ನನ್ನನ್ನು ನೋಡಿದರು. “ನೀನು ಹಾಗೆ ಕಣ್ಣು ಬಿಟ್ಟು ನೋಡ್ಬೇಡ ಅವನನ್ನು. ಮಾತಾಡದವರ ಕಣ್ಣು ಬೇಗ ತಾಗ್ತದೆ.”

ಕುಶಾಲಿಗೆ ಹೇಳಿದ್ದೇ. ಆದರೂ ನಾನು ವಾಪಸ್ ಬಂದುಬಿಟ್ಟೆ.

ಆಸ್ಪತ್ರೆಯವರು ನಮಗಾಗಿ ಒಂದು ವಾಟ್ಸಪ್ ಗ್ರೂಪ್ ಮಾಡಿದ್ದರು. ಬೆಳಗಿನ ಮುಖದ ಫೋಟೋ ತೆಗೆದು ಅದರಲ್ಲಿ ಹಾಕಿದರೆ ಒಂದು ಮಾತೂ ಆಡದೆ ಕೆಲಸ ಮುಗಿಯುತ್ತಿತ್ತು. ನನ್ನಂಥವಳಿಗೆ ಹೇಳಿ ಮಾಡಿಸಿದ ದಾರಿ. ಆದರೆ ಗ್ರೂಪಿನಲ್ಲಿ ನರ್ಸಿನ ಹೆಸರಿನ ಕೆಳಗೇ ಕಾಕನ ಹೆಸರೂ ಇತ್ತು. ಗೋದಾಮಿನಲ್ಲಿ ಪೆಟ್ಟಿಗೆಗಳ ನಡುವೆ ನಿಂತು ಅವನು ಆ ಫೋಟೋ ತೆರೆಯುವುದನ್ನು ಯೋಚಿಸಿದೆ. ಕಳಿಸಲಿಲ್ಲ.

ಗುರುವಾರ ಮಧ್ಯಾಹ್ನ ಆಸ್ಪತ್ರೆಯ ನಂಬರಿಗೆ ಫೋನು ಮಾಡಿದೆ. ಹೇಳಬೇಕಾದದ್ದನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದೆ. ಅತ್ತ ಕಡೆಯಿಂದ ಹುಡುಗನೊಬ್ಬ, “ಹಲೋ, ಹೇಳಿ ಮೇಡಂ,” ಎಂದ. ಅಲ್ಲಿಗೆ ಬಾಯಿಪಾಠ ಮುಗಿಯಿತು, ಕಟ್ ಮಾಡಿದೆ. ಪಾಪ, ಅವನು ವಾಪಸ್ ಮಾಡಿದ. ಫೋನನ್ನು ದಿಂಬಿನ ಕೆಳಗಿಟ್ಟು ದಿಂಬಿನ ಮೇಲೆ ಕೂತೆ. ಅದು ನನ್ನ ಕೆಳಗೆ ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ ಸುಮ್ಮನಾಯಿತು. ನನಗೆ ನನ್ನ ಮೇಲೇ ನಗು ಬಂತು. ಅದು ಅಳುವಾಗುವ ಮೊದಲು ಎದ್ದು ಹಿತ್ತಿಲಿಗೆ ಹೋದೆ.

ಅತ್ತಿಗೆ ಒಗೆಯುವ ಕಲ್ಲಿನ ಹತ್ತಿರ ತಮೀಮನ ಸಾಕ್ಸ್ ಒಗೆಯುತ್ತಿದ್ದಳು. ಒಗೆದದ್ದನ್ನೇ ಪುನಃ ಒಗೆಯುತ್ತಿದ್ದಳು.

“ಅತ್ತಿಗೆ, ಸಾಕ್ಸಿನ ಗುರುತು ನೋಡಿದ್ದೀರಾ?” ಎಂದೆ.

“ರಬ್ಬರ್ ಗಟ್ಟಿ. ಹೊಸತಲ್ವಾ.”

“ಹಳೆಯದು. ಜೂನಿನಲ್ಲಿ ತಂದದ್ದು.”

ಅವಳು ತಲೆ ಎತ್ತಲಿಲ್ಲ. ನೀರು ಸುರಿದಳು, ಹಿಂಡಿದಳು. ನಾನು ಕಲ್ಲಿನ ಇನ್ನೊಂದು ಬದಿಯಲ್ಲಿ ಕೂತೆ. ಮಾತಾಡದೆ ಕೂರುವುದು ನನಗೆ ಬರುವ ಒಂದೇ ವಿದ್ಯೆ. ಅವಳಿಗೆ ಅದು ಬರುವುದಿಲ್ಲ. ಸುಳ್ಯದ ಐವರ್ನಾಡಿನ ದೊಡ್ಡ ಸಂಸಾರದಲ್ಲಿ, ಐದಾರು ಜನ ಒಟ್ಟಿಗೆ ಮಾತಾಡುವ ಮನೆಯಲ್ಲಿ ಬೆಳೆದವಳು.

“ನನಗೂ ಕಣ್ಣುಂಟು ಹಸ್ನಾ,” ಎಂದಳು ಕೊನೆಗೆ. “ಕಡ್ಡಿಯೂ ಹಸಿರಾಗಿದೆ.”

ಕಡ್ಡಿ ಎಂದರೆ ಆಸ್ಪತ್ರೆಯವರು ಡಬ್ಬಿಯಲ್ಲಿ ಕೊಟ್ಟಿದ್ದ ಪರೀಕ್ಷೆಯ ಕಡ್ಡಿ. ಬೆಳಗಿನ ಮೂತ್ರದಲ್ಲಿ ಅದ್ದಿದಾಗ ತುದಿ ಹಳದಿಯಾಗಿಯೇ ಉಳಿದರೆ ಒಳ್ಳೆಯದು; ಹಸಿರಾದರೆ ಪ್ರೋಟೀನು ಸೋರುತ್ತಿದೆ ಎಂದರ್ಥ. ಅದನ್ನು ಅವಳು ಬಚ್ಚಲಿನ ಬಾಗಿಲು ಹಾಕಿಕೊಂಡು ಒಬ್ಬಳೇ ಮಾಡುತ್ತಿದ್ದಳು.

“ಯಾವಾಗಿಂದ?”

“ಸೋಮವಾರ. ಮೊದಲು ಗ್ರಹಿಸಿದೆ, ಈ ಮಳೆಯ ತಂಡಿಗೆ ಕಡ್ಡಿ ಹಾಳಾಗಿರ್ಬೇಕು ಅಂತ. ಉಪ್ಪು ನೀರಾಗ್ತದೆ, ಬೆಂಕಿಕಡ್ಡಿ ಹತ್ತುದಿಲ್ಲ, ಇದು ಮಾತ್ರ ಸರಿ ಇರ್ತದಾ? ಆಮೇಲೆ ನನ್ನದರಲ್ಲೇ ಅದ್ದಿ ನೋಡಿದೆ.” ಅವಳು ಸಾಕ್ಸನ್ನು ಕಲ್ಲಿನ ಮೇಲೆ ಇಟ್ಟಳು. “ನನ್ನದು ಹಳದಿಯೇ.”

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಲೆಕ್ಕ ಹಾಕಿಟ್ಟುಕೊಂಡವಳ ಹಾಗೆ ಹೇಳಿದಳು.

“ಈ ಶುಕ್ರವಾರ ಒಂದು ಕಳೆಯಲಿ. ಅವರಿಗೆ ಕಂಪೆನಿಯಲ್ಲಿ ಇಕಾಮ ಹೊಸತು ಮಾಡುದು ಉಂಟು. ಅದಿಲ್ಲದಿದ್ರೆ ಆ ದೇಶದಲ್ಲಿ ಇರ್ಲಿಕ್ಕೇ ಬಿಡುದಿಲ್ಲ. ಈಗ ಗೊತ್ತಾದ್ರೆ ಅವರು ಬಿಟ್ಟು ಬರ್ತಾರೆ. ಬರ್ತಾರೆ ಹಸ್ನಾ, ನಿನಗೆ ಗೊತ್ತಿಲ್ಲ, ಹೋದ ಸಲ ವಿಮಾನ ಹತ್ತುವಾಗ ನನ್ನ ಹತ್ತಿರ ಆಣೆ ಹಾಕಿ ಹೋಗಿದ್ದಾರೆ. ಮುಂದಿನ ವಾರ ನಾನೇ ಡಾಕ್ಟರಿಗೆ ಹೇಳ್ತೇನೆ.”

“ಮುಂದಿನ ವಾರಕ್ಕೆ ಹೊಟ್ಟೆಯಲ್ಲಿ ನೀರು ಬಂದ್ರೆ?”

“ಬಾಯಿ ಮುಚ್ಚು.” ಜೋರಾಗಿ ಹೇಳಿ, ಕೂಡಲೇ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. “ನೀನು ಆ ವಾರ್ಡಿನ ರಾತ್ರಿ ನೋಡ್ಲಿಲ್ಲ ಮಾರಾಯ್ತಿ. ಅವನಿಗೆ ಸೂಜಿ ಹಾಕ್ಲಿಕ್ಕೆ ನರ ಸಿಕ್ತಾ ಇರ್ಲಿಲ್ಲ. ನಾನು ಅವನ ಕೈ ಹಿಡಿದು ಕೂರ್ಬೇಕು. ಹಿಡಿದವಳು ನಾನೇ ಅಂತ ಅವನಿಗೆ ನನ್ನ ಮೇಲೆ ಸಿಟ್ಟು. ಎರಡು ದಿನ ನನ್ನ ಹತ್ತಿರ ಮಾತಾಡ್ಲಿಲ್ಲ ಅವ. ಪುನಃ ಅಲ್ಲಿಗೆ ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಬೇಗ ಹೇಳಿದರೆ ಹೋಗುವುದೇ ಬೇಡವಲ್ಲ, ಡಾಕ್ಟರು ಅದನ್ನೇ ತಾನೆ ಹೇಳಿದ್ದು ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಅವಳ ಕೈ ಇನ್ನೂ ನನ್ನ ಮೊಣಕಾಲಿನ ಮೇಲೆ ಇತ್ತು, ತಣ್ಣಗೆ. ಅವಳನ್ನು ನೋಡುತ್ತಾ ನುಂಗಿಕೊಂಡೆ.

“ಹೇಳುದಿಲ್ಲ ಅಲ್ವಾ?” ಎಂದಳು.

ನಾನು ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಸುಮ್ಮನಿದ್ದದ್ದನ್ನು ಎಲ್ಲರೂ ಒಪ್ಪಿಗೆ ಎಂದೇ ತಿಳಿಯುತ್ತಾರೆ. ಅವಳೂ ಹಾಗೇ ತಿಳಿದಳು.

ಶುಕ್ರವಾರ ಬಂತು. ಮಧ್ಯಾಹ್ನ ಉಮ್ಮ ನೈಚೋರು, ಎಂದರೆ ತುಪ್ಪದ ಅನ್ನ, ಮಾಡಿದರು. ತಮೀಮನ ಪಾಲನ್ನು ಉಪ್ಪು ಹಾಕದೆ ಬೇರೆ ಪಾತ್ರೆಯಲ್ಲಿ. ಅಸರ್ ಆದ ಮೇಲೆ ಬಿಳಿ ತಟ್ಟ, ಪೌಡರ್, ನೀಲಿ ಅಂಗಿ, ಉದ್ದದ ಪ್ಯಾಂಟು. ಪ್ಯಾಂಟಿನ ಗುಂಡಿ ಹಾಕಲು ಅತ್ತಿಗೆ ಅವನಿಗೆ ಉಸಿರು ಎಳೆದುಕೊಳ್ಳಲು ಹೇಳಬೇಕಾಯಿತು. ಉಮ್ಮ ಅದನ್ನು ನೋಡಿ, “ಮಾಶಾ ಅಲ್ಲಾ,” ಎಂದು ಬೇರೆ ಕಡೆ ಮುಖ ತಿರುಗಿಸಿದರು. ಅವರ ಕಣ್ಣೂ ತಾಗಬಾರದಲ್ಲ.

ನಾನು ಫೋನು ಹಿಡಿದು ನಿಂತೆ. ಮೊದಲು ಕಾಕ ಬಂದ. ಎರಡಂತಸ್ತಿನ ಮಂಚದ ಕೆಳಗಿನದರಲ್ಲಿ ಕೂತಿದ್ದ; ಮೇಲಿನ ಮಂಚದಿಂದ ಯಾರದೋ ಲುಂಗಿ ಅವನ ತಲೆಯ ಹತ್ತಿರ ಇಳಿಬಿದ್ದಿತ್ತು.

“ಉಪ್ಪ, ನಿನ್ನ ತಲೆಯ ಮೇಲೆ ಎಂತ ಅದು?” ಎಂದ ತಮೀಮ್.

“ಪರದೆ ಮೋನೇ. ಇಲ್ಲಿ ನಾನು ರಾಜ ಅಲ್ವಾ.” ಕಾಕ ಲುಂಗಿಯನ್ನು ಪಕ್ಕಕ್ಕೆ ಸರಿಸಿದ. “ಉಷಾರುಂಟಾ ನೀನು?”

“ಉಂಟು.”

“ಗುಡ್.” ಕಾಕ ಅವನನ್ನು ನೋಡುತ್ತಲೇ ಇದ್ದ. ಆ ನೋಟ ನೋಡಿ ನನ್ನ ಧೈರ್ಯ ಅಷ್ಟಕ್ಕಷ್ಟೇ ಆಯಿತು. ಅತ್ತಿಗೆ ಹೇಳಿದ್ದು ಸರಿ, ಇವನು ಬಂದೇ ಬರುತ್ತಾನೆ.

ಡಾಕ್ಟರ್ ಭವಿತಾ ಪರದೆಗೆ ಬಂದಾಗ ಕೈಯಲ್ಲಿ ಚಹಾದ ಲೋಟ ಇತ್ತು. ಹಿಂದಿನಿಂದ ಯಾವುದೋ ಮಗು ಅಳುವುದು ಕೇಳಿಸುತ್ತಿತ್ತು.

“ಹಾ, ತಮೀಮ್ ಸಾಹೇಬ್ರು! ಎಂತ ಊಟ ಇವತ್ತು?”

“ನೈಚೋರ್. ಉಪ್ಪು ಇಲ್ಲದ್ದು.” ತಮೀಮ್ ದೂರು ಕೊಟ್ಟ.

“ಅಯ್ಯೋ ದೇವರೇ. ಉಪ್ಪಿಲ್ಲದ ನೈಚೋರು ತಿಂದವ ಈ ಜಿಲ್ಲೆಯಲ್ಲಿ ನೀನೊಬ್ಬನೇ ಇರ್ಬೇಕು ಮಾರಾಯ. ನಿನಗೆ ಒಂದು ಪ್ರೈಜ್ ಕೊಡ್ಬೇಕು.” ಎಲ್ಲರೂ ನಕ್ಕರು; ದಮ್ಮಾಮಿನಲ್ಲೂ ನಗು ಕೇಳಿಸಿತು. “ಹೇಗಿದ್ದಾನೆ ಉಮ್ಮ?”

“ಉಷಾರುಂಟು ಡಾಕ್ಟ್ರೆ. ಹೊಟ್ಟೆ ತುಂಬ ಉಣ್ತಾನೆ, ಶಾಲೆಗೆ ಹೋಗ್ತಾನೆ. ಎಲ್ಲ ನಿಮ್ಮ ಕೈಗುಣ.”

“ಕೈಗುಣ ಅಲ್ಲ, ಮಾತ್ರೆ ಗುಣ. ಬಾವು ಎಲ್ಲಾದ್ರೂ ಉಂಟಾ? ಕಣ್ಣು, ಕಾಲು?”

“ಇಲ್ಲ ಇಲ್ಲ. ಅಂಥದ್ದು ಎಂತದೂ ಇಲ್ಲ.”

ಉಮ್ಮ ಸುಳ್ಳು ಹೇಳುತ್ತಿರಲಿಲ್ಲ. ಅವರು ಕಂಡದ್ದು ತುಂಬಿಕೊಂಡ ಮೊಮ್ಮಗನನ್ನು. ಅದನ್ನೇ ಹೇಳಿದರು.

“ಫೋನ್ ಸ್ವಲ್ಪ ಹತ್ತಿರ ತನ್ನಿ. ಹಾ, ಹಾಗೆ. ಮೇಲೆ ನೋಡು ಪುಟ್ಟ.” ನಾನು ತಮೀಮನ ಮುಖದ ಹತ್ತಿರಕ್ಕೆ ಹೋದೆ. ಸಂಜೆಯ ಕಣ್ಣುಗಳು, ಹೊಳೆಯುತ್ತಿದ್ದವು. ಬೆಳಿಗ್ಗೆ ಸೀಳಿನಷ್ಟು ಸಣ್ಣದಾಗಿದ್ದ ಅದೇ ಕಣ್ಣುಗಳು. “ಚಂದ ಉಂಟು. ಸುರ್ಮಾ ಬೇರೆ ಹಾಕಿದ್ದಾನೆ, ಮದುವೆಗೆ ಹೊರಟ ಹಾಗೆ. ಮಿಸ್ರಿಯಾ, ಕಡ್ಡಿ ಏನು ಹೇಳ್ತದೆ?”

ಅತ್ತಿಗೆ ತಮೀಮನ ಹಿಂದೆ, ಅವನ ಭುಜದ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು. ಅವಳು ಡಾಕ್ಟರನ್ನು ನೋಡಲಿಲ್ಲ. ಮೂಲೆಯಲ್ಲಿದ್ದ ಕಾಕನ ಚೌಕವನ್ನು ನೋಡಿದಳು.

“ಹಳದಿ,” ಎಂದಳು.

“ಅಲ್‌ಹಮ್ದುಲಿಲ್ಲಾ,” ಎಂದ ಕಾಕ. ಕನ್ನಡಕ ತೆಗೆದು ಲುಂಗಿಯ ಅಂಚಿನಿಂದ ಒರೆಸತೊಡಗಿದ. ಅದು ಅವನ ಲುಂಗಿಯೂ ಅಲ್ಲ.

“ಒಳ್ಳೆದಾಯ್ತು,” ಎಂದರು ಡಾಕ್ಟರು. ಚಹಾದ ಲೋಟ ಕೆಳಗಿಟ್ಟು ಏನನ್ನೋ ಬರೆಯತೊಡಗಿದರು. “ಹಾಗಾದ್ರೆ ನಾಳೆಯಿಂದಲೇ ಮಾತ್ರೆ ಕಡಿಮೆ ಮಾಡುವ. ಈಗ ಕೊಡುದರ ಅರ್ಧ ಸಾಕು. ಮುಂದಿನ ವಾರ ನೋಡಿ ಇನ್ನೂ ಇಳಿಸುವ.”

ತಮೀಮನ ಭುಜದ ಮೇಲಿನ ಬೆರಳುಗಳು ಬಿಗಿಯಾದದ್ದು ನನಗೆ ಕಂಡಿತು. ಅತ್ತಿಗೆ ಇದನ್ನು ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ಒಂದು ವಾರ ಸುಮ್ಮನಿದ್ದರೆ ಇರುವುದು ಇದ್ದ ಹಾಗೇ ಇರುತ್ತದೆ ಎಂದುಕೊಂಡಿದ್ದೆವು. ಬಾವು ಏರುತ್ತಿರುವ ಮಗುವಿಗೆ ಮಾತ್ರೆ ಅರ್ಧ. ನಮ್ಮ ಸುಖದ ಮಾತನ್ನು ಅಲ್ಲಿ ಒಬ್ಬರು ನಂಬಿ, ಅದರ ಪ್ರಕಾರ ಮದ್ದು ಬರೆಯುತ್ತಿದ್ದರು. ದೂರದಲ್ಲಿ ಕೂತು ಏನೂ ಮಾಡಲಾಗದವರಲ್ಲ ಇವರು.

ಅತ್ತಿಗೆ ತಲೆಯೆತ್ತಿ ನನ್ನನ್ನು ನೋಡಿದಳು. ಫೋನನ್ನಲ್ಲ, ಫೋನಿನ ಹಿಂದಿದ್ದ ನನ್ನನ್ನು. ಬೇಡ ಎನ್ನುತ್ತಿದ್ದಳೋ, ನನ್ನಿಂದ ಆಗುವುದಿಲ್ಲ ನೀನಾದರೂ ಹೇಳು ಎನ್ನುತ್ತಿದ್ದಳೋ ಗೊತ್ತಾಗಲಿಲ್ಲ.

“ಮತ್ತೆ ಎಂತಾದ್ರೂ ಹೇಳ್ಲಿಕ್ಕೆ ಉಂಟಾ? ಇಲ್ಲದಿದ್ರೆ ಇಡ್ತೇನೆ, ಹೊರಗೆ ಇನ್ನೂ ಮಕ್ಕಳಿದ್ದಾರೆ.”

“ಎಂತ ಇಲ್ಲ ಡಾಕ್ಟ್ರೆ, ನಿಮಗೆ ಒಳ್ಳೆದಾಗ್ಲಿ,” ಎಂದರು ಉಮ್ಮ.

“ಇದು ಯಾಕೆ ಹೀಗೆ ಅಲ್ಲಾಡ್ತಾ ಉಂಟು? ನನಗೆ ತಲೆ ತಿರುಗ್ತದೆ. ಫೋನ್ ಹಿಡಿದವರು ಯಾರು?” ಎಂದರು ಡಾಕ್ಟರು.

“ನನ್ನ ತಂಗಿ, ಹಸ್ನಾ,” ಎಂದ ಕಾಕ ನಗುತ್ತಾ. ಅವನ ದನಿ ಎಷ್ಟು ಹಗುರವಾಗಿತ್ತು. “ಅವಳ ಹತ್ತಿರ ಎಂತ ಕೇಳ್ಬೇಡಿ ಡಾಕ್ಟ್ರೆ. ಅವಳು ಮಾತಾಡುದಿಲ್ಲ.”

“ಕೈ ಸರಿ ಹಿಡಿಯೇ,” ಎಂದರು ಉಮ್ಮ.

ಇನ್ನೊಂದು ಕೈಯಿಂದಲೂ ಫೋನು ಹಿಡಿದೆ. ಡಾಕ್ಟರ ಬೆರಳು ಪರದೆಯ ಕಡೆಗೆ ಬರುವುದು ಕಂಡಿತು.

“ಡಾಕ್ಟ್ರೆ,” ಎಂದೆ. ಹಾಜರಿ ಕರೆಯುವಾಗಿನ ದನಿ. ಅವರಿಗೆ ಕೇಳಿಸಲಿಲ್ಲ.

“ಡಾಕ್ಟ್ರೆ!”

ಉಮ್ಮ ತಿರುಗಿ ನೋಡಿದರು. ಕಾಕನ ನಗು ಅರ್ಧಕ್ಕೆ ನಿಂತಿತು. ಪರದೆಯ ಕಡೆಗೆ ಬಂದ ಬೆರಳು ಅಲ್ಲೇ ತಡೆಯಿತು.

“ಮಾತ್ರೆ ಕಡಿಮೆ ಮಾಡ್ಬೇಡಿ. ತಮೀಮ್‌ಗೆ ಉಷಾರಿಲ್ಲ.”